ಆಲಮಟ್ಟಿಯ ಹೊಸನೀರು ಮತ್ತು ಬಲೆಯ ಬಿಡುವು

ರೋಹಿಣಿ ಮಳೆ ಮುಗಿಯುತ್ತ ಬಂದು ಮಿರಗ ಕೂಡುವ ಈ ಹೊತ್ತಿನಲ್ಲಿ ನಿಡೋಣಿ, ಬಬಲೇಶ್ವರ, ತಿಕೋಟಾ ಕಡೆಯ ಒಕ್ಕಲಿಗರ ಮನಸ್ಸೆಲ್ಲ ಬಿತ್ತಿಗೆಯ ಮೇಲೆ ಇರುವದು ಸಹಜ. ಕೂರಿಗೆಯನ್ನು ಸರಿಪಡಿಸುವದು, ತೊಗರಿ ಸಜ್ಜೆಗಳ ಬೀಜವನ್ನು ಹಸನು ಮಾಡುವದು, ಹರಗಿದ ಹೊಲವನ್ನು ಮತ್ತೊಮ್ಮೆ ನೋಡಿಕೊಳ್ಳುವದು, ಇವೇ ಈ ತಿಂಗಳಿನ ಕೆಲಸಗಳು. ಇಂಥ ಸಮಯದಲ್ಲಿ ಒಕ್ಕಲುತನದ ಪತ್ರಿಕೆಯಲ್ಲಿ ಮೀನಿನ ಮಾತೇಕೆ ಎಂದು ಕೆಲವು ವಾಚಕರು ಕೇಳಬಹುದು. ಅವರಿಗೆ ನಮ್ಮ ಉತ್ತರವಿಷ್ಟೆ: ನೆಲದಂತೆ ನೀರೂ ಒಂದು ಹೊಲ. ನೆಲದ ಹೊಲಕ್ಕೆ ಯಾವ ಮಳೆ ಬಿತ್ತಿಗೆಯ ಮಳೆಯೋ ನೀರಿನ ಹೊಲಕ್ಕೂ ಅದೇ ಬಿತ್ತಿಗೆಯ ಮಳೆ. ನೆಲದಲ್ಲಿ ಬೀಜದ ಕಾಳನ್ನು ಬೀಸಿ ತಿನ್ನುವವನನ್ನು ಊರೆಲ್ಲ ಮರುಳನೆನ್ನುವದು. ನೀರಿನಲ್ಲಿ ಅದೇ ಕೆಲಸವು ಪ್ರತಿವರ್ಷ ನಡೆದರೂ ಅದನ್ನು ಕುರಿತು ಯಾರೂ ಒಂದು ಮಾತನಾಡುವದಿಲ್ಲ. ಈ ವಿಚಾರವನ್ನು ಒಕ್ಕಲಿಗರ ಮುಂದೆಯೂ ಮೀನುಗಾರರ ಮುಂದೆಯೂ ಸರಕಾರದ ಮುಂದೆಯೂ ಇಡುವದೇ ಈ ಲೇಖನದ ಉದ್ದೇಶವು.

ನಮ್ಮ ನೀರಿನ ಹೊಲ

ಬಿಜಾಪುರ ಜಿಲ್ಹೆಯು (೨೦೧೪ನೆಯ ಇಸವಿಯಿಂದ ಇದರ ಹೆಸರು ವಿಜಯಪುರ) ಬರಗಾಲಕ್ಕೆ ಹೆಸರಾದ ಸೀಮೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ನಾಣ್ನುಡಿಯು ಇಲ್ಲಿಯ ಕಪ್ಪುನೆಲದ ಸತ್ತ್ವವನ್ನು ಹೊಗಳುವದಾದರೂ, 'ಬೆಳೆದರೆ' ಎಂಬ ಮಾತಿನಲ್ಲಿಯೇ ಇಲ್ಲಿಯ ಜನರ ಕಷ್ಟವೆಲ್ಲ ಅಡಗಿದೆ. ಇಂಥ ಸೀಮೆಯ ತೆಂಕಣಂಚಿನಲ್ಲಿ ಈಗ ಕಣ್ಣು ಮುಟ್ಟದಷ್ಟು ದೂರದ ವರೆಗೆ ನೀರು ನಿಂತಿರುವದು ನಮ್ಮ ಕಾಲದ ಒಂದು ದೊಡ್ಡ ಮಾರ್ಪಾಡು. ೧೯೬೪ನೆಯ ಇಸವಿಯ ಮೇ ತಿಂಗಳಲ್ಲಿ ಶ್ರೀ ಲಾಲ ಬಹಾದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಆ ಅಣೆಕಟ್ಟು ಪೂರ್ತಿಯಾಗಿ ೨೦೦೬ನೆಯ ಇಸವಿಯ ಆಗಸ್ಟಿನಲ್ಲಿ ರಾಷ್ಟ್ರಪತಿ ಡಾ. ಅಬ್ದುಲ್ ಕಲಾಮರ ಹಸ್ತದಿಂದ ನಾಡಿಗೆ ಅರ್ಪಿತವಾಯಿತು. ಅದರ ಹಿಂದೆ ನಿಂತ ಜಲರಾಶಿಗೆ ಲಾಲ ಬಹಾದೂರ ಶಾಸ್ತ್ರಿ ಸಾಗರವೆಂದು ಹೆಸರು. ೫೧೯.೬೦ ಮೀಟರು ಮಟ್ಟಕ್ಕೆ ತುಂಬಿದಾಗ ಅದರಲ್ಲಿ ಸುಮಾರು ೧೨೩ ಟಿ.ಎಂ.ಸಿ. ನೀರು ಹಿಡಿಯುವದು. ಕೃಷ್ಣೆಯಲ್ಲಿ ಹಿನ್ನೀರು ಬಹುದೂರ ಪಡುವಲಿಗೆ ಹಿಂದೊತ್ತುವದಲ್ಲದೆ, ಘಟಪ್ರಭೆಯ ಪಾತ್ರದಲ್ಲಿಯೂ ಏರಿ ಬಾಗಲಕೋಟೆಯ ಹಳೆಯ ಊರಿನ ಭಾಗವನ್ನು ನುಂಗಿತು. ಈ ನೀರಿಗಾಗಿ ಎರಡೂ ದಂಡೆಗಳ ಅನೇಕ ಗ್ರಾಮಗಳು ಮನೆ ಹೊಲ ಗುಡಿಗಳನ್ನು ಬಿಟ್ಟುಕೊಟ್ಟು ಎದ್ದುಹೋದವು. ಈ ಮಾತನ್ನು ಎಂದೂ ಮರೆಯತಕ್ಕದ್ದಲ್ಲ. ಅಷ್ಟೊಂದು ಬೆಲೆಯನ್ನು ತೆತ್ತು ಪಡೆದ ನೀರಿನಿಂದ ಬರಬಹುದಾದ ಒಂದೊಂದು ಫಲವನ್ನೂ ಜೋಪಾನವಾಗಿ ಕೊಯ್ದುಕೊಳ್ಳಬೇಕಾದುದು ನಮ್ಮ ಕರ್ತವ್ಯವು.

ಆ ಫಲಗಳಲ್ಲಿ ಮೀನೂ ಒಂದು. ಜಲಾಶಯದ ನೀರು ಏತದ ಮೂಲಕ ಈಗ ಎತ್ತರದ ಒಣಭೂಮಿಗೂ ಬರುತ್ತಿದೆ. ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿಗಳಿಂದ ನಮ್ಮ ಕಡೆಯ ಕೆರೆಗಳು ತುಂಬತೊಡಗಿವೆ. ಆದಿಲಶಾಹಿಯ ಕಾಲದಲ್ಲಿ ಮಹಮ್ಮದ ಆದಿಲಶಹನು ಕಟ್ಟಿಸಿದ ಮಮದಾಪುರದ ದೊಡ್ಡ ಕೆರೆಯಂಥ ಕೆರೆಯೂ ಮತ್ತೆ ನೀರು ಕಂಡಿದೆ. ನೀರು ಬಂದಲ್ಲಿ ಮೀನೂ ಬರುವದು. ಆದ್ದರಿಂದ ಕೃಷ್ಣೆಯ ಮೀನಿನ ಪ್ರಶ್ನೆಯು ದಂಡೆಯ ಮೇಲಿನ ಅಂಬಿಗರದಷ್ಟೇ ಅಲ್ಲ, ನಿಡೋಣಿಯಂಥ ಒಳನಾಡಿನ ಊರುಗಳದೂ ಆಗಿದೆ.

ನೀರಿನ ಏರಿಳಿತ ಮತ್ತು ಮೀನಿನ ಋತುಮಾನ

ಜಲಾಶಯದ ಮೀನುಗಾರಿಕೆಯನ್ನು ತಿಳಿಯಬೇಕಾದರೆ ಮೊದಲು ಅದರ ನೀರಿನ ನಡೆಯನ್ನು ತಿಳಿಯಬೇಕು. ನಮ್ಮ ಊರಿನಲ್ಲಿ ಹನಿ ಬೀಳದಿದ್ದರೂ ಆಲಮಟ್ಟಿ ತುಂಬಬಹುದು. ಏಕೆಂದರೆ ಅದನ್ನು ತುಂಬುವದು ಮಹಾಬಳೇಶ್ವರದ ಕಡೆಯ ಸಹ್ಯಾದ್ರಿಯ ಮಳೆ. ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ ನದಿಗಳು ಕೂಡಿಕೊಂಡು ತರುವ ನೀರು ಆರಿದ್ರಾ, ಪುನರ್ವಸು ಮಳೆಗಳ ಹೊತ್ತಿಗೆ ಇಲ್ಲಿ ಮುಟ್ಟುವದು. ಆಗ ಅದು ಕೆಂಪಾದ ಕದಡುನೀರು. ಬೇಸಿಗೆಯಲ್ಲಿ ಒಣಗಿ ಬಿರಿದಿದ್ದ ಅಂಚಿನ ನೆಲದ ಮೇಲೆ ನೀರು ಹರಡುತ್ತ ಹೋದಂತೆ ಅಲ್ಲಿಯ ಹುಲ್ಲು, ಕೂಳೆ, ಸಗಣಿ ಮುಂತಾದವು ಕೊಳೆತು, ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿ ಮತ್ತು ಹುಳುಗಳು ಅಪಾರವಾಗಿ ಹುಟ್ಟುತ್ತವೆ. ಮೀನಿನ ಮರಿಗೆ ಇದೇ ತಾಯಹಾಲು.

ಇದೇ ಹೊತ್ತಿಗೆ ಬಲಿತ ಮೀನುಗಳಲ್ಲಿ ಒಂದು ಚಂಚಲತೆ ಹುಟ್ಟುವದು. ಕಟ್ಲಾ, ರೋಹು, ಮೃಗಾಲ್ ಎಂಬ ದೊಡ್ಡ ಗೆಂಡೆಗಳಾಗಲಿ, ಕೃಷ್ಣೆಯಲ್ಲಿ ತಲೆಮಾರುಗಳಿಂದ ಇದ್ದ ಇತರ ಗೆಂಡೆಗಳಾಗಲಿ, ನಿಂತ ನೀರಿನಲ್ಲಿ ತತ್ತಿಯಿಡಲು ಒಲ್ಲವು. ಹರಿದು ಬರುವ ಹೊಸನೀರಿನ ವಾಸನೆ ಸೋಂಕಿದೊಡನೆ ಅವು ಜಲಾಶಯದ ಆಳವನ್ನು ಬಿಟ್ಟು, ಸೆಳವಿಗೆ ಎದುರಾಗಿ ನದಿಯ ಬಾಯಿಯ ಕಡೆಗೆ ಹೊರಡುತ್ತವೆ. ನೆರೆಯ ನೀರು ಹರಡಿದ ತಗ್ಗು ಬಯಲುಗಳಲ್ಲಿ, ಹಳ್ಳಗಳು ನದಿಗೆ ಕೂಡುವ ಸ್ಥಳಗಳಲ್ಲಿ ಅವು ತತ್ತಿಯಿಡುತ್ತವೆ. ಮೂರು ಕಿಲೋ ತೂಗುವ ಒಂದು ರೋಹು ತಾಯಿಯಲ್ಲಿ ಆರು ಲಕ್ಷದಷ್ಟು ತತ್ತಿಗಳಿರಬಹುದು. ಒಂದು ಹಗಲು ರಾತ್ರಿ ಕಳೆಯುವದರೊಳಗಾಗಿ ಅವು ಒಡೆದು ಮರಿಗಳಾಗುತ್ತವೆ. ಹೀಗೆ ಹುಟ್ಟಿದವುಗಳಲ್ಲಿ ಬಹುಭಾಗವು ಹಕ್ಕಿ, ಹಾವು, ಬೇರೆ ಮೀನುಗಳ ಬಾಯಿಗೆ ಬೀಳುವದು. ಸಾವಿರಕ್ಕೆ ಒಂದೇ ಉಳಿಯಿತೆಂದು ಹಿಡಿದರೂ ಆ ಒಬ್ಬ ತಾಯಿಯಿಂದ ಆರುನೂರು ಮೀನುಗಳು ಬೆಳೆದಂತಾಯಿತು. ಆ ತಾಯಿಯನ್ನು ಮಿರಗದ ವಾರದಲ್ಲಿಯೇ ಹಿಡಿದು ಮಾರಿದವನಿಗೆ ಸಿಕ್ಕಿದ್ದು ಮೂರು ಕಿಲೋ ಮೀನಿನ ಬೆಲೆ ಮಾತ್ರ.

ಮಘೆ, ಹುಬ್ಬಾ ಮಳೆಗಳ ಹೊತ್ತಿಗೆ ಸಾಮಾನ್ಯವಾಗಿ ಜಲಾಶಯವು ತುಂಬಿ ನಿಲ್ಲುವದು. ಆಗ ನೀರಿನ ಹರವು ದೊಡ್ಡದಾಗಿ ಮೀನು ಚದರಿಹೋಗುವದರಿಂದ ಬಲೆಗೆ ಬೀಳುವದು ಕಡಿಮೆ. ಚಳಿಗಾಲದಲ್ಲಿ ನೀರು ತಿಳಿಯಾಗುವದು. ಮೀನು ಹಗಲಿನಲ್ಲಿ ಬಲೆಯನ್ನು ಕಂಡು ಹಿಂದೆ ಸರಿಯುವದರಿಂದ ರಾತ್ರಿ ಬಲೆಯಿಟ್ಟು ನಸುಕಿನಲ್ಲಿ ಎತ್ತುವದೇ ಲೇಸು. ಶಿವರಾತ್ರಿಯಿಂದ ಮುಂದೆ ಕಾಲುವೆಗಳಿಗೂ ಏತಗಳಿಗೂ ನೀರು ಹೋಗಿ ಜಲಾಶಯವು ಇಳಿಯತೊಡಗಿದಂತೆ ಮೀನೆಲ್ಲ ಒತ್ತಟ್ಟಿಗೆ ಬರುವದು. ಚೈತ್ರ ವೈಶಾಖಗಳಲ್ಲಿ ಹಳೆಯ ನದಿಯ ಮಡುಗಳಲ್ಲಿ ಅವು ಕಿಕ್ಕಿರಿದಿರುತ್ತವೆ. ಮೀನುಗಾರನಿಗೆ ಅದೇ ಸುಗ್ಗಿಯ ಕಾಲ. ಆದರೆ ಮುಂದಿನ ವರ್ಷದ ತಾಯಿಮೀನುಗಳೂ ಆಗ ಅದೇ ಮಡುವಿನಲ್ಲಿವೆ. ಬೇಸಿಗೆಯಲ್ಲಿ ಮಡುಗಳಲ್ಲಿ ಉಳಿದು, ಮಳೆಗಾಲದಲ್ಲಿ ನದಿಯ ಬಾಯಿಯಲ್ಲಿ ಉಳಿದು, ತತ್ತಿಯಿಟ್ಟು ಮರಳಿ ಬಂದ ತಾಯಿಯೇ ಜಲಾಶಯದ ನಿಜವಾದ ಬಂಡವಾಳವು.

ನಿಯಮಗಳ ಹಿನ್ನೆಲೆ

ಬಲೆಗೆ ಬಿಡುವು ಕೊಡಬೇಕೆಂಬ ವಿಚಾರವು ಪರದೇಶದಿಂದ ಬಂದ ಹೊಸ ಮಾತೆಂದು ಕೆಲವರು ಭಾವಿಸಿದ್ದಾರೆ. ಅದು ಸರಿಯಲ್ಲ. ಅಶೋಕ ಚಕ್ರವರ್ತಿಯು ತನ್ನ ಐದನೆಯ ಸ್ತಂಭಶಾಸನದಲ್ಲಿ ಚಾತುರ್ಮಾಸ್ಯದ ಹುಣ್ಣಿಮೆಗಳೇ ಮೊದಲಾದ ಗೊತ್ತಾದ ದಿನಗಳಲ್ಲಿ ಮೀನನ್ನು ಕೊಲ್ಲಲೂ ಬಾರದು, ಮಾರಲೂ ಬಾರದು ಎಂದು ಕಟ್ಟಪ್ಪಣೆ ಮಾಡಿದ್ದಾನೆ. ಇದೇ ಸೀಮೆಯನ್ನಾಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ೧೧೩೦ರ ಸುಮಾರಿನಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಭಾಗವೊಂದಿದ್ದು, ಮೀನಿನ ಜಾತಿಗಳನ್ನೂ ಅವುಗಳಿಗೆ ಹಾಕತಕ್ಕ ಆಹಾರವನ್ನೂ ವಿವರವಾಗಿ ಹೇಳಿದೆ. ಮೀನನ್ನು ಹಿಡಿಯುವವನು ಅದನ್ನು ಸಾಕುವವನೂ ಆಗಿರಬೇಕೆಂಬ ತಿಳಿವಳಿಕೆ ಅಂದೇ ಇದ್ದಿತೆಂಬುದು ಅದರಿಂದ ಕಾಣುವದು.

ಈಚಿನ ಕಾಲದಲ್ಲಿ ಕರ್ನಲ್ ಸೈಕ್ಸ್ ಎಂಬವನು ದಖ್ಖಣದ ನದಿಗಳ ಮೀನುಗಳನ್ನು ಶಾಸ್ತ್ರೀಯವಾಗಿ ವರ್ಣಿಸಿ ೧೮೩೯ರ ಸುಮಾರಿಗೆ ಪ್ರಕಟಿಸಿದನು. ೧೮೭೩ರಲ್ಲಿ ಫ್ರಾನ್ಸಿಸ್ ಡೇ ಎಂಬ ಪಂಡಿತನು ಹಿಂದುಸ್ತಾನದ ಸಿಹಿನೀರಿನ ಮೀನುಗಳ ಬಗ್ಗೆ ಬರೆದ ವರದಿಯಲ್ಲಿ, ಕಿರುಗಣ್ಣಿನ ಬಲೆಗಳಿಂದಲೂ ತತ್ತಿಯ ಕಾಲದಲ್ಲಿ ನಡೆಯುವ ಹಿಡಿತದಿಂದಲೂ ನದಿಗಳು ಬರಿದಾಗುತ್ತಿವೆಯೆಂದು ಎಚ್ಚರಿಸಿದ್ದನು. ಮುಂದೆ ೧೮೯೭ರ ಮೀನುಗಾರಿಕೆಯ ಕಾಯಿದೆಯು ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವದನ್ನು ಅಪರಾಧವೆಂದು ಸಾರಿತು. ಬಲೆಯ ಕಣ್ಣಿನ ಅಳತೆಯನ್ನೂ ಹಿಡಿಯಬಾರದ ಕಾಲವನ್ನೂ ಗೊತ್ತುಪಡಿಸುವ ಅಧಿಕಾರವನ್ನು ಪ್ರಾಂತ ಸರಕಾರಗಳಿಗೆ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಈಗ ಆಧಾರವಾಗಿರುವದು ೧೯೯೬ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮವು. ಪರವಾನಿಗೆಯಿಲ್ಲದೆ ಹಿಡಿಯಬಾರದು, ಮುಂಗಾರಿನ ತತ್ತಿಯ ಕಾಲದಲ್ಲಿ ಹಿಡಿಯಬಾರದು, ಗೊತ್ತಾದ ಅಳತೆಗಿಂತ ಕಿರಿದಾದ ಕಣ್ಣಿನ ಬಲೆಯನ್ನು ಬೀಸಬಾರದು, ವಿಷ ಸಿಡಿಮದ್ದುಗಳನ್ನು ಮುಟ್ಟಲೇಬಾರದು, ಇದು ನಿಯಮಗಳ ಸಾರಾಂಶವು. ನಿಷೇಧದ ತಾರೀಖುಗಳನ್ನು ಮೀನುಗಾರಿಕೆಯ ಖಾತೆಯವರು ಪ್ರಕಟಿಸುತ್ತಾರೆ.

ಹೀಗೆ ನಿಯಮಗಳಿಗೆ ಕೊರತೆಯಿಲ್ಲ. ಕೊರತೆಯಿರುವದು ಅವುಗಳ ಪಾಲನೆಯಲ್ಲಿ.

ಆಕ್ಷೇಪಣೆಗಳು

ಮಳೆಗಾಲದ ನಿಷೇಧವನ್ನು ಕುರಿತು ದಂಡೆಯ ಊರುಗಳಲ್ಲಿ ಮೂರು ಬಗೆಯ ಆಕ್ಷೇಪಣೆಗಳು ಕೇಳಿಬರುತ್ತವೆ. ಅವುಗಳಲ್ಲಿ ತಥ್ಯವಿಲ್ಲವೆಂದು ತಳ್ಳಿಹಾಕುವದು ನ್ಯಾಯವಲ್ಲ. ಒಂದೊಂದನ್ನೂ ತೂಗಿ ನೋಡಬೇಕು.

ಮೊದಲನೆಯದು: "ಈಗ ಜಲಾಶಯದಲ್ಲಿರುವ ಕಟ್ಲಾ ರೋಹುಗಳೆಲ್ಲ ಸರಕಾರದವರು ತಂದು ಬಿಟ್ಟ ಮರಿಗಳು. ವರ್ಷ ವರ್ಷ ಮರಿ ಬಿಡುತ್ತಿರುವಾಗ ತತ್ತಿಯ ಕಾಲವನ್ನು ಕಾಯುವದೇಕೆ?" ಇದರಲ್ಲಿ ಅರ್ಧ ಸತ್ಯವಿದೆ. ೧೯೫೭ನೆಯ ಇಸವಿಯ ಜುಲೈ ೧೦ರಂದು ಡಾ. ಹೀರಾಲಾಲ ಚೌಧುರಿಯವರು ಓಢಿಶಾದಲ್ಲಿ ಗೆಂಡೆ ಮೀನುಗಳಿಗೆ ಗ್ರಂಥಿರಸದ ಚುಚ್ಚುಮದ್ದನ್ನು ಕೊಟ್ಟು ಕೊಳದಲ್ಲಿಯೇ ತತ್ತಿಯಿಡಿಸಿದರು. ಅಂದಿನಿಂದ ಮರಿಗಳಿಗಾಗಿ ನದಿಯನ್ನೇ ನಂಬಬೇಕಾದ ಪರಾಧೀನತೆ ತಪ್ಪಿತು. ಆದರೆ ಬಿಟ್ಟ ಮರಿ ಬೆಳೆಯಲು ಕಾಲ ಬೇಡವೆ? ಬೆರಳುದ್ದದ ಕಟ್ಲಾ ಮರಿಯು ಒಳ್ಳೆಯ ನೀರಿನಲ್ಲಿ ವರ್ಷದೊಳಗೆ ಒಂದು ಕಿಲೋ ಆಗಬಲ್ಲದು. ಅದನ್ನು ಎರಡು ತಿಂಗಳಿಗೇ ಕಿರುಗಣ್ಣಿನ ಬಲೆಯಿಂದ ಎತ್ತಿದರೆ ಸರಕಾರದ ಹಣವೂ ಹೋಯಿತು, ಮೀನುಗಾರನ ಮುಂದಿನ ಗಳಿಕೆಯೂ ಹೋಯಿತು. ಅಲ್ಲದೆ ಕೃಷ್ಣೆಯ ಸ್ವಂತ ಮೀನುಗಳಾದ ಬಾಳೆಮೀನು, ಮರಲು, ಕರಿಯ ಗೆಂಡೆ, ಮಹಸೀರು ಮುಂತಾದವುಗಳಿಗೆ ಮರಿ ಬಿಡುವವರು ವಿರಳ. ಅವು ಉಳಿಯಬೇಕಾದರೆ ತಾವೇ ತತ್ತಿಯಿಟ್ಟು ಉಳಿಯಬೇಕು. ಮೇಲಕ್ಕೆ ಹೋಗುವ ಅವುಗಳ ದಾರಿಗೆ ಹಿಪ್ಪರಗಿಯ ಬ್ಯಾರೇಜು ಮೊದಲಾದ ಅಡ್ಡಗಟ್ಟೆಗಳು ಈಗಾಗಲೆ ನಿಂತಿವೆ. ಉಳಿದಿರುವ ಸ್ವಲ್ಪ ದಾರಿಯಲ್ಲಿಯೂ ಬಲೆಯ ಗೋಡೆ ಕಟ್ಟಿದರೆ ಆ ಕುಲಗಳ ಗತಿಯೇನು?

ಎರಡನೆಯದು: "ನಿಷೇಧವು ಪರವಾನಿಗೆ ಪಡೆದ ಬಡವನಿಗೆ ಮಾತ್ರ, ಕದ್ದು ಹಿಡಿಯುವವನಿಗೆ ಅದೇ ಸುಗ್ಗಿ." ಈ ಮಾತು ಕಹಿಯಾದರೂ ನಿಜ. ಪ್ರಾಮಾಣಿಕನು ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ ಕುಳಿತಾಗ, ಉದ್ದವಾದ ಎಳೆಬಲೆಯನ್ನು ಹೊತ್ತವರು ರಾತ್ರಿ ಇಳಿದರೆ ನಿಯಮವು ಪ್ರಾಮಾಣಿಕತೆಗೇ ದಂಡವಾಗಿ ಪರಿಣಮಿಸುವದು. ತುಂಗಭದ್ರಾ ಜಲಾಶಯದಲ್ಲಿ ಅಲಿವಿ ಎಂಬ ಭಾರಿ ಎಳೆಬಲೆಯು ಮರಿಗಳನ್ನೆಲ್ಲ ಬಳಿದು ತರುತ್ತಿದ್ದಿತೆಂಬುದು ಮೀನುಗಾರಿಕೆಯನ್ನು ಅಭ್ಯಾಸ ಮಾಡಿದವರಿಗೆ ತಿಳಿದ ಸಂಗತಿ. ಆ ಪಾಠವನ್ನು ಆಲಮಟ್ಟಿಯಲ್ಲಿ ಮತ್ತೊಮ್ಮೆ ಕಲಿಯಬೇಕಾಗಿಲ್ಲ. ಆದರೆ ಕಳ್ಳನಿದ್ದಾನೆಂದು ಬೇಲಿಯನ್ನೇ ಕಿತ್ತುಹಾಕುವ ಒಕ್ಕಲಿಗನುಂಟೆ? ಬೇಲಿಯನ್ನು ಬಲಪಡಿಸುವದೊಂದೇ ಇದಕ್ಕೆ ಉಪಾಯ. ಈ ವಿಸ್ತಾರವಾದ ದಂಡೆಯನ್ನು ಕೆಲವೇ ನೌಕರರು ಕಾಯುವದು ಅಸಾಧ್ಯ. ಊರಿನವರೇ ಕಾಯಬೇಕು. ಅದಕ್ಕಾಗಿ ಪರವಾನಿಗೆ ಪಡೆದ ಮೀನುಗಾರರ ಸಹಕಾರಿ ಸಂಘಗಳಿಗೆ ಕಾವಲಿನ ಅಧಿಕಾರವನ್ನೂ ಹೊಣೆಯನ್ನೂ ಕೊಡಬೇಕು.

ಮೂರನೆಯದು: "ನೀರು ಬರುವದು ತಾರೀಖು ನೋಡಿಯಲ್ಲ, ನಿಷೇಧವು ಮಾತ್ರ ತಾರೀಖು ನೋಡಿ ಬರುವದು." ಇದು ಮೂರರಲ್ಲಿ ಅತ್ಯಂತ ವಿಚಾರಾರ್ಹವಾದುದು. ಒಂದು ವರ್ಷ ಆರಿದ್ರಾ ಮಳೆಗೇ ಹೊಳೆ ಬರುವದು. ಮತ್ತೊಂದು ವರ್ಷ ಪುಷ್ಯ ಕಳೆದರೂ ಬಾರದು. ಹೊಸನೀರು ತಡವಾದಲ್ಲಿ ತಾಯಿಮೀನೂ ತಡೆದು ನಿಲ್ಲುವದು. ಆಗ ನಿಷೇಧದ ಕಡೆಯ ದಿನವು ತತ್ತಿಯ ಕಾಲದ ನಡುವೆಯೇ ಬಂದುಬಿಡಬಹುದು. ನಮ್ಮ ಅಭಿಪ್ರಾಯದಲ್ಲಿ ನಿಷೇಧದ ಆರಂಭವು ಸ್ಥಿರವಾದ ತಾರೀಖಿಗೇ ಇರತಕ್ಕದ್ದು. ಏಕೆಂದರೆ ಮಿರಗಕ್ಕೆ ಮೊದಲೇ ಮಡುವಿನ ತಾಯಿಗಳಿಗೆ ರಕ್ಷಣೆ ಬೇಕು. ಮುಕ್ತಾಯವನ್ನಾದರೋ ಜಲಾಶಯಕ್ಕೆ ಹೊಸನೀರು ಬಂದ ದಿನದಿಂದ ಎಣಿಸಬೇಕು. ಆಲಮಟ್ಟಿಯಲ್ಲಿ ಒಳಹರಿವನ್ನು ದಿನಾಲು ಅಳೆದು ಬರೆದಿಡುತ್ತಾರೆ. ಅದೇ ಲೆಕ್ಕವನ್ನು ಮೀನುಗಾರಿಕೆಯ ಖಾತೆಯವರು ಉಪಯೋಗಿಸಿದಲ್ಲಿ ಹೊಸ ಖರ್ಚೇನೂ ಬೀಳದು.

ಇದರ ಜೊತೆಗೆ ಇನ್ನೊಂದು ಮಾತು. ನೆರೆಯ ತೆಲಂಗಾಣದಲ್ಲಿ ಮೃಗಶಿರ ಕಾರ್ತೆ ಕೂಡುವ ದಿನ ಮೀನು ತಿಂದರೆ ಆರೋಗ್ಯಕ್ಕೆ ಹಿತವೆಂಬ ನಂಬಿಗೆಯುಂಟು. ಆ ದಿನಗಳಲ್ಲಿ ಪೇಟೆಯ ಬೆಲೆ ಏರುವದು. ಅಂದರೆ ತಾಯಿಮೀನಿನ ಹೊಟ್ಟೆ ತುಂಬಿದ ಹೊತ್ತಿಗೇ ಅದರ ಬೆಲೆಯೂ ಹೆಚ್ಚುವದು. ಕೆರೆಯಲ್ಲಿ, ಕೊಳದಲ್ಲಿ ಸಾಕಿದ ಮೀನು ಆ ಬೇಡಿಕೆಯನ್ನು ಪೂರೈಸಲಿ. ನದಿಯ ತಾಯಿಯನ್ನು ಮುಟ್ಟದಿರಲಿ.

ಮೀನುಗಾರನ ಒಲೆ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುವದು. ನಮ್ಮ ಮತದಂತೆ ಅದೇ ಮುಖ್ಯವಾದ ಪ್ರಶ್ನೆ: ನಿಷೇಧದ ತಿಂಗಳುಗಳಲ್ಲಿ ಮೀನುಗಾರನ ಒಲೆ ಉರಿಯುವದು ಹೇಗೆ? ಒಕ್ಕಲಿಗನಿಗೆ ಬಿತ್ತಿಗೆಯ ಕಾಲದಲ್ಲಿ ಹಗೆಯ ಕಾಳೋ ಸೊಸೈಟಿಯ ಸಾಲವೋ ಆಧಾರವಾಗಿರುವದು. ದಿನದ ಹಿಡಿತವನ್ನು ದಿನವೇ ಮಾರಿ ಜೋಳ ಕೊಳ್ಳುವ ಅಂಬಿಗನಿಗೆ ಹಗೆಯೂ ಇಲ್ಲ, ಅಡವಿಡಲು ಹೊಲವೂ ಇಲ್ಲ. ಇವರಲ್ಲಿ ಕೆಲವರು ಮುಳುಗಡೆಯಿಂದ ಊರು ಕಳೆದುಕೊಂಡವರು ಎಂಬುದನ್ನೂ ನೆನೆಯಬೇಕು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನಂಥ ನಿರ್ಭೀತ ಶರಣನನ್ನು ಕೊಟ್ಟ ಕಾಯಕವಿದು. ಕಾಯಕವನ್ನು ಹೊಗಳಿ ಕಾಯಕದವನನ್ನು ಉಪವಾಸವಿಡುವದು ಸಂಗಮನಾಥನ ಈ ನಾಡಿಗೆ ಒಪ್ಪುವ ಮಾತಲ್ಲ.

ಸರಕಾರವು ಈ ವಿಷಯದಲ್ಲಿ ಕಣ್ಣು ಮುಚ್ಚಿಲ್ಲ. ಉಳಿತಾಯ ಮತ್ತು ಪರಿಹಾರವೆಂಬ ಪದ್ಧತಿಯೊಂದು ಬಹುಕಾಲದಿಂದ ಇದ್ದು, ೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಅದನ್ನು ಮುಂದುವರಿಸಲಾಯಿತು. ಅದರಂತೆ ಮೀನುಗಾರನು ವರ್ಷದಲ್ಲಿ ೧,೫೦೦ ರೂಪಾಯಿ ಉಳಿಸಿದರೆ, ಸರಕಾರವು ೩,೦೦೦ ರೂಪಾಯಿ ಸೇರಿಸಿ, ಒಟ್ಟು ೪,೫೦೦ ರೂಪಾಯಿಗಳನ್ನು ನಿಷೇಧದ ಮೂರು ತಿಂಗಳಲ್ಲಿ ಕೊಡುವದೆಂದು ಏರ್ಪಾಡು. ಲೆಕ್ಕ ಹಾಕಿ ನೋಡಿದರೆ ದಿನಕ್ಕೆ ಐವತ್ತು ರೂಪಾಯಿ ಆಯಿತು. ಅದರಲ್ಲಿಯೂ ಮೂರರಲ್ಲಿ ಒಂದು ಪಾಲು ಅವನದೇ ದುಡ್ಡು. ಐವತ್ತು ರೂಪಾಯಿಯಲ್ಲಿ ಐದು ಜನರ ಸಂಸಾರವು ಒಂದು ದಿನ ಕಳೆಯಬಲ್ಲದೆಂದು ಯಾರೂ ಹೇಳಲಾರರು. ಹೊಟ್ಟೆಗಿಲ್ಲದವನು ರಾತ್ರಿ ಬಲೆ ಹಿಡಿದರೆ ಅವನನ್ನಷ್ಟೇ ದೂರಿ ಫಲವಿಲ್ಲ. ಆದ್ದರಿಂದ ನಾವು ಸ್ಪಷ್ಟವಾಗಿ ಹೇಳುವದೇನಂದರೆ, ಪರಿಹಾರವಿಲ್ಲದ ನಿಷೇಧವು ಕಾಗದದ ಮೇಲಿನ ನಿಷೇಧವಾಗಿಯೇ ಉಳಿಯುವದು.

ಆದರೆ ಕೈಕಟ್ಟಿ ಕುಳಿತವನಿಗೆ ಹಣ ಕೊಡುವದಕ್ಕಿಂತ ಕೆಲಸ ಕೊಡುವದು ಉತ್ತಮ. ಅಂಥ ಕೆಲಸವು ಇದೇ ಕಾಲದಲ್ಲಿ ಇದ್ದೇ ಇದೆ. ಮೊಟ್ಟೆಯೊಡೆದ ಮರಿಯನ್ನು ಬೆರಳುದ್ದಕ್ಕೆ ಬೆಳೆಸಲು ಎರಡು ಮೂರು ತಿಂಗಳು ಬೇಕು. ಆ ತಿಂಗಳುಗಳು ಸರಿಯಾಗಿ ನಿಷೇಧದ ತಿಂಗಳುಗಳೇ. ದೊಡ್ಡ ಜಲಾಶಯದಲ್ಲಿ ಕಿರುಮರಿಗಳನ್ನು ಬಿಟ್ಟರೆ ಅವು ಬೇರೆ ಮೀನುಗಳ ಆಹಾರವಾಗುವದರಿಂದ, ನೂರು ಮಿಲಿಮೀಟರಿಗೆ ಕಡಿಮೆಯಿಲ್ಲದ ಮರಿಗಳನ್ನೇ ಬಿಡಬೇಕೆಂದು ತಜ್ಞರ ಮತವಿದೆ. ಹಿನ್ನೀರಿನ ಅಂಚಿನ ಕೊಳಗಳಲ್ಲಿ, ನೀರು ತುಂಬಿದ ಹಳ್ಳಿಯ ಕೆರೆಗಳಲ್ಲಿ ಈ ಮರಿಗಳನ್ನು ಬೆಳೆಸುವ ಕೆಲಸವನ್ನು ಮೀನುಗಾರರ ಸಂಘಗಳಿಗೇ ಕೂಲಿಯ ಮೇಲೆ ಒಪ್ಪಿಸಿ, ಬೆಳೆದ ಮರಿಯನ್ನು ಅವರಿಂದಲೇ ಕೊಂಡು ಜಲಾಶಯಕ್ಕೆ ಬಿಡಬಹುದು. ಇದರಿಂದ ಅವರಿಗೆ ಮಳೆಗಾಲದ ಅನ್ನವೂ ದೊರೆಯುವದು, ತಾವೇ ಸಾಕಿ ಬಿಟ್ಟ ಮರಿಯನ್ನು ಕಿರುಬಲೆಯಿಂದ ಕಾಪಾಡುವ ಮಮತೆಯೂ ಹುಟ್ಟುವದು. ವಿಜಯಪುರದ ಭೂತನಾಳದಲ್ಲಿರುವ ಮೀನುಗಾರಿಕೆಯ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಂಥ ಸಂಸ್ಥೆಗಳು ಈ ಕೆಲಸದಲ್ಲಿ ತರಬೇತಿಯನ್ನು ಕೊಡಲು ಮುಂದೆ ಬರಬೇಕು.

ಒಕ್ಕಲಿಗನ ಪಾಲಿನ ಕರ್ತವ್ಯ

ನಿಯಮವೆಂದರೆ ಬಲೆ ಬೀಸುವವನಿಗೆ ಮಾತ್ರವೆಂದು ಒಕ್ಕಲಿಗರು ತಿಳಿಯಬಾರದು. ಜಲಾಶಯದ ನೀರು ಇಳಿದಾಗ ಅಂಚಿನ ಫಲವತ್ತಾದ ನೆಲವನ್ನು ಬಿತ್ತಿ ಬೆಳೆಯುವ ರೂಢಿ ಇದೆ. ಅಲ್ಲಿ ಸಿಂಪಡಿಸಿದ ಔಷಧಿಯೆಲ್ಲ ಹೊಸನೀರು ಏರಿದಾಗ ಮರಿಗಳಿರುವ ತೆಳುನೀರಿಗೇ ಕೂಡುವದು. ೨೦೧೧ರಲ್ಲಿ ನಿಷೇಧಿತವಾದ ಎಂಡೋಸಲ್ಫಾನು ಮೀನುಗಳಿಗೆ ಎಷ್ಟು ಘೋರವಾದ ವಿಷವಾಗಿದ್ದಿತೆಂಬುದು ತಿಳಿದದ್ದೇ. ಈಗಿನ ಔಷಧಿಗಳಲ್ಲಿಯೂ ಮೀನಿಗೆ ಮಾರಕವಾದವು ಅನೇಕವಿವೆ. ನಮ್ಮ ದ್ರಾಕ್ಷಿ, ದಾಳಿಂಬೆಯ ತೋಟಗಳಲ್ಲಿ ಔಷಧಿ ಹೊಡೆದ ಯಂತ್ರವನ್ನು ಹಳ್ಳದಲ್ಲಿ ತೊಳೆಯುವದು, ಖಾಲಿ ಡಬ್ಬಿಗಳನ್ನು ಕೆರೆಗೆ ಎಸೆಯುವದು ಪೂರ್ತಿಯಾಗಿ ನಿಲ್ಲಬೇಕು. ಕೆರೆಯ ಮೀನು ಸತ್ತು ತೇಲಿದ ಮೇಲೆ ಅದೇ ನೀರನ್ನು ದನಕ್ಕೆ ಕುಡಿಸಬೇಕಾದವರೂ ನಾವೇ ಅಲ್ಲವೆ?

ಹಾಗೆಯೇ ಹಿನ್ನೀರಿನಲ್ಲಿ ಇಟ್ಟ ಪಂಪುಗಳ ಬಾಯಿಗೆ ಒತ್ತಾದ ಜಾಳಿಗೆಯನ್ನು ಕಟ್ಟಬೇಕು. ಜಾಳಿಗೆಯಿಲ್ಲದ ಪಂಪು ನೀರಿನೊಡನೆ ಎಷ್ಟು ಮರಿಗಳನ್ನು ಹೀರಿ ಹೊಲಕ್ಕೆ ಚೆಲ್ಲುವದೆಂಬುದನ್ನು ಯಾರೂ ಎಣಿಸುವದಿಲ್ಲ. ಜಾಳಿಗೆಗೆ ತಗಲುವ ಖರ್ಚು ಅಲ್ಪ.

ಕೆರೆಗಳ ಮಾತು ಸ್ವಲ್ಪ ಬೇರೆ. ೪೦ ಹೆಕ್ಟೇರಿಗೆ ಕಡಿಮೆ ಅಚ್ಚುಕಟ್ಟಿರುವ ಕೆರೆಗಳು ಗ್ರಾಮಪಂಚಾಯತಿಗಳ ವಶದಲ್ಲಿವೆ. ಏತದ ನೀರು ತುಂಬಿದ ಕೂಡಲೆ ಹೆಚ್ಚಿನ ಬೆಲೆಗೆ ಕೂಗಿದವನಿಗೆ ಮೀನಿನ ಗುತ್ತಿಗೆಯನ್ನು ಕೊಟ್ಟು ಕೈ ತೊಳೆದುಕೊಳ್ಳುವ ಪಂಚಾಯತಿಗಿಂತ, ಯಾವ ಮರಿ ಬಿಟ್ಟರು, ಯಾವ ಬಲೆ ಬೀಸಿದರು ಎಂದು ವಿಚಾರಿಸುವ ಪಂಚಾಯತಿಯು ಮೇಲು. ೨೦೦೦ನೆಯ ಇಸವಿಯಲ್ಲ್ಲಿ ನಿಷೇಧಿಸಲಾದ ಆಫ್ರಿಕಾದ ಕ್ಯಾಟ್‌ಫಿಶ್ಶನ್ನು ಲಾಭದ ಆಸೆಯಿಂದ ಕೆರೆಗೆ ಬಿಡುವವರನ್ನು ಊರಿನವರೇ ತಡೆಯಬೇಕು. ಅದು ಕೆರೆಯ ಉಳಿದ ಮೀನನ್ನೆಲ್ಲ ತಿಂದು, ಕೋಡಿ ಬಿದ್ದಾಗ ಹಳ್ಳ ಹಿಡಿದು ಕೃಷ್ಣೆಯನ್ನೂ ಸೇರಬಲ್ಲದು.

ಮಳೆಗಾಲದ ನಿಷೇಧಕ್ಕೆ ಮೀನಿನ ರಕ್ಷಣೆಯಲ್ಲದೆ ಮನುಷ್ಯನ ರಕ್ಷಣೆಯೂ ಒಂದು ಕಾರಣವೆಂಬುದನ್ನು ಇಲ್ಲಿಯೇ ಹೇಳಿಬಿಡುವದು ಯುಕ್ತ. ಪಡುವಣ ಗಾಳಿ ಬೀಸಿದಾಗ ಈ ವಿಸ್ತಾರವಾದ ನೀರಿನಲ್ಲಿ ಏಳುವ ತೆರೆಗಳನ್ನು ಹರಿಗೋಲು ತಾಳಲಾರದು. ಆಲಮಟ್ಟಿಯ ೨೬ ಬಾಗಿಲುಗಳನ್ನು ತೆರೆದಾಗ ಕೆಳಗಿನ ನದಿಯ ರಭಸವು ನೋಡನೋಡುವದರೊಳಗೆ ಏರುವದು. ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ಇಲ್ಲಿಂದ ಬಿಟ್ಟ ನೀರು ಐದು ಲಕ್ಷ ಕ್ಯೂಸೆಕ್ಸನ್ನೂ ಮೀರಿತ್ತು. ಅಂಥ ದಿನ ನೀರಿಗಿಳಿದವನ ಮನೆಯವರ ದುಃಖಕ್ಕೆ ಯಾವ ಹಿಡಿತವೂ ಸಮನಾಗದು.

ಮಾಡತಕ್ಕ ಕಾರ್ಯಗಳು

ಮೇಲಿನ ವಿಚಾರಗಳನ್ನೆಲ್ಲ ಕ್ರೋಡೀಕರಿಸಿ ಕೆಳಗಿನ ಸೂಚನೆಗಳನ್ನು ಅಧಿಕಾರಿಗಳ ಮತ್ತು ಜನರ ಮುಂದಿಡುತ್ತೇವೆ.

೧. ನಿಷೇಧವು ಮಿರಗಕ್ಕೆ ಮೊದಲೇ ಆರಂಭವಾಗಲಿ. ಅದರ ಮುಕ್ತಾಯವನ್ನು ಆ ವರ್ಷದ ಒಳಹರಿವನ್ನು ನೋಡಿ ಗೊತ್ತುಪಡಿಸಲಿ. ತಾರೀಖುಗಳನ್ನು ದಂಡೆಯ ಪ್ರತಿಯೊಂದು ಊರಿನ ಚಾವಡಿಯಲ್ಲಿಯೂ ಸಂತೆಯಲ್ಲಿಯೂ ಡಂಗುರದಿಂದ ಸಾರಲಿ.

೨. ಘಟಪ್ರಭೆ ಕೂಡುವ ಚಿಕ್ಕಸಂಗಮದ ಸುತ್ತಲಿನ ನೀರನ್ನೂ ಬೇಸಿಗೆಯಲ್ಲಿ ಉಳಿಯುವ ಆಳವಾದ ಕೆಲವು ಮಡುಗಳನ್ನೂ ವರ್ಷವಿಡೀ ಬಲೆ ಮುಟ್ಟದ ತಾಣಗಳೆಂದು ಕಾಯ್ದಿರಿಸಲಿ.

೩. ಕಿರುಗಣ್ಣಿನ ಬಲೆಯನ್ನು ನೀರಿನಲ್ಲಿ ಹಿಡಿಯುವದಕ್ಕಿಂತ ಅಂಗಡಿಯಲ್ಲಿ ಹಿಡಿಯುವದು ಸುಲಭ. ಬಲೆ ಮಾರುವವರ ಮೇಲೆಯೇ ಮೊದಲು ನಿಗಾ ಇರಲಿ. ಬಡವನ ಹಳೆಯ ಬಲೆಯನ್ನು ಸುಡುವ ಮೊದಲು ಸರಿಯಾದ ಕಣ್ಣಿನ ಬಲೆಯನ್ನು ಅರ್ಧಬೆಲೆಗೆ ಕೊಡಲಿ.

೪. ನಿಷೇಧದ ಕಾಲದ ಪರಿಹಾರವನ್ನು ಹೆಚ್ಚಿಸಿ, ಅದು ನಿಷೇಧದ ಮೊದಲನೆಯ ವಾರದಲ್ಲಿಯೇ ಕೈಸೇರುವಂತೆ ಮಾಡಲಿ. ಮರಿ ಸಾಕುವ ಕೆಲಸವನ್ನು ಸಂಘಗಳಿಗೆ ಕೊಡಲಿ.

೫. ಹಿಡಿದ ಮೀನಿನ ಜಾತಿ, ತೂಕಗಳ ಲೆಕ್ಕವನ್ನು ದಂಡೆಯ ಇಳಿದಾಣಗಳಲ್ಲಿ ವರ್ಷವಿಡೀ ಬರೆದಿಡಲಿ. ಲೆಕ್ಕವಿಲ್ಲದೆ ನಿಯಮದ ಗುಣದೋಷಗಳನ್ನು ಅಳೆಯಲು ಬಾರದು.

ಇನ್ನೊಂದು ದೂರದ ಮಾತು. ಆಲಮಟ್ಟಿಯ ನೀರನ್ನು ೫೨೪.೨೫೬ ಮೀಟರಿನ ವರೆಗೆ ನಿಲ್ಲಿಸಬಹುದೆಂದು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು ೨೦೧೦ರಲ್ಲಿ ಹೇಳಿತು. ಆ ಮಟ್ಟಕ್ಕೆ ನೀರು ಏರಿದಂದು ದಂಡೆಗಳೂ ತತ್ತಿಯ ಬಯಲುಗಳೂ ಬದಲಾಗುವವು. ಮತ್ತಷ್ಟು ಜನರು ನೆಲ ಬಿಡಬೇಕಾಗುವದು. ಹಾಗೆ ನೆಲ ಬಿಡುವವರಿಗೆ ನೀರಿನಲ್ಲಿ ಹಕ್ಕನ್ನು, ಎಂದರೆ ಮೀನುಗಾರಿಕೆಯ ಪರವಾನಿಗೆಯಲ್ಲಿಯೂ ಸಂಘಗಳಲ್ಲಿಯೂ ಮೊದಲ ಸ್ಥಾನವನ್ನು, ಕೊಡುವ ವಿಚಾರವನ್ನು ಈಗಲೇ ಮಾಡಿಡುವದು ದೂರದೃಷ್ಟಿಯಾದೀತು.

ಒಕ್ಕಲಿಗ ಬಂಧುಗಳೇ, ಬೀಜದ ಚೀಲವನ್ನು ಎಂಥ ಬರದಲ್ಲಿಯೂ ಬಿಚ್ಚದೆ ಕಾಪಾಡಿದ ಹಿರಿಯರ ಮಕ್ಕಳು ನಾವು. ಹಸಿದ ಮಕ್ಕಳ ಮುಂದೆಯೂ ಆ ಚೀಲದ ಬಾಯಿ ಕಟ್ಟಿಯೇ ಇರುತ್ತಿದ್ದುದರಿಂದ ಈ ನೆಲದಲ್ಲಿ ಬಿಳಿಜೋಳದ ಕುಲ ಉಳಿದು ಬಂದಿದೆ. ನೀರಿನ ಬೀಜಕ್ಕೂ ಅಂಥದೇ ಒಂದು ಕಟ್ಟು ಬೇಕು. ಆ ಕಟ್ಟನ್ನು ಕಾಯುವ ಮೂರು ತಿಂಗಳು ಅಂಬಿಗನ ಮನೆಯಲ್ಲಿ ರೊಟ್ಟಿ ಬೇಯುವಂತೆ ನೋಡಿಕೊಳ್ಳುವದು, ಆ ನೀರಿನಿಂದ ಹೊಲ ತೋಟಗಳನ್ನು ಹಸಿರು ಮಾಡಿಕೊಂಡ ನಮ್ಮೆಲ್ಲರ ಮೇಲಿನ ಋಣವು. ಈ ವರ್ಷದ ಹೊಸನೀರು ಇನ್ನೇನು ಬರಲಿದೆ. ಅಷ್ಟರೊಳಗೆ ದಂಡೆಯ ಪಂಚಾಯತಿಗಳೂ ಸಂಘಗಳೂ ಒಂದು ಸಲ ಕೂಡಿ ಕುಳಿತು ಈ ವಿಷಯವನ್ನು ಆಲೋಚಿಸಬೇಕೆಂದು ನಮ್ಮ ವಿನಂತಿ.